ತೆಪ್ಪದಣ್ಣನ ಬುಕ್ಕಲ್ಲಿ ನಾವು ಬನ್ನೂರಿನವರು

ಹೋದ ವಾರ ನಮ್ಮ ಬೀದಿಗೆ ಟಾರು ಹಾಕಿದ್ರು. ನಂಜನಗೂಡಲ್ಲಿ ಒಂದು ಗಲ್ಲಿಗೆ ಟಾರು ಬೀಳುತ್ತೆ ಅಂದ್ರೆ ಎಲೆಕ್ಷನ್ ಹತ್ರ ಬಂತು ಅಂತ ಅರ್ಥ, ಅದಿರ್ಲಿ. ಮನೆ ಮುಂದೇನೇ ಡ್ರಮ್ಮಿಟ್ಟು ಕುದಿಸ್ತಿದ್ರು. ಹೊಗೆ, ವಾಸನೆ ಎಲ್ಲಾ ಸೀದಾ ನಮ್ಮ ಹಾಲಿಗೆ. ನಾನು ಮೂಗಿಗೆ ಸೆರಗು ಹಿಡ್ಕೊಂಡು ಕಿಟಕಿ ಮುಚ್ಚೋಕೆ ಹೋದ್ರೆ, ದಿವಾನ್ ಮೇಲೆ ಕೂತಿದ್ದ ನಮ್ಮತ್ತೆ, "ಇರ್ಲಿ ಬಿಡೇ, ತೆಪ್ಪದ ವಾಸನೆ ಬರ್ತಾ ಇದೆ" ಅಂದ್ರು.

ಎಂಬತ್ತು ದಾಟಿದೆ ಅವರಿಗೆ. ಕನ್ನಡಕ ಎಲ್ಲಿಟ್ಟೆ ಅಂತ ದಿನಕ್ಕೆ ಹತ್ತು ಸಲ ಕೇಳ್ತಾರೆ. ಆದ್ರೆ ತೆಪ್ಪದ ತಳಕ್ಕೆ ಟಾರು ಬಳೀತಾರೆ ಅನ್ನೋದು ಮರ್ತಿಲ್ಲ. "ಆ ತೆಪ್ಪದಪ್ಪ ಹೇಗಿದ್ದಾನೋ ಏನೋ. ಒಂದ್ಸಲ ಕರ್ಕೊಂಡೋಗೇ" ಅಂದ್ರು. ವರ್ಷಾ ವರ್ಷಾ ಕೇಳ್ತಾರೆ ಕಣ್ರೀ. ವರ್ಷಾ ವರ್ಷಾ ನಾನೂ ಒಂದೊಂದು ಹೇಳ್ತೀನಿ. ಹೊಳೆ ತುಂಬಿದೆ ಅತ್ತೆ. ಹೊಳೇಲಿ ನೀರೇ ಇಲ್ಲ ಅತ್ತೆ. ತೆಪ್ಪ ನಿಲ್ಲಿಸ್ಬಿಟ್ಟಿದ್ದಾರಂತೆ ಅತ್ತೆ...

ಈ ಸಲ ನೆಪ ಹೇಳದೆ, ಕಿಟಕಿ ಹಾಗೇ ಬಿಟ್ಟು, ಅವರ ಮುಂದೆ ಬಂದು ನಿಂತೆ.

ಕೊರೊನಾ ಮೊದಲನೇ ವರ್ಷದ ಮಾತು. ಆಗ ನಂಜನಗೂಡು ಅನ್ನೋದು ಊರಿನ ಹೆಸರಲ್ಲ, ಕಾಯಿಲೆ ಹೆಸರಾಗಿತ್ತು. ಟಿವಿ ಹಾಕಿದ್ರೆ ನಮ್ಮೂರೇ. ಲಾಕ್‌ಡೌನ್ ಸಡಿಲ ಆದ್ಮೇಲೆ ಮೈಸೂರಲ್ಲಿ ಒಂದು ಬ್ಲೌಸ್ ಪೀಸ್ ಅಂಗಡಿಗೆ ಹೋಗಿದ್ದೆ. ಯಾವೂರಮ್ಮ ಅಂತ ಕೇಳಿದ, ಹೇಳ್ದೆ. ಆ ಮನುಷ್ಯ ನನ್ನ ಕೈಲಿದ್ದ ಬಟ್ಟೇನ ಕಡ್ಡೀಲಿ ಎಳ್ಕೊಂಡು, "ಹೊರಗ್ ನಿಂತ್ಕೊಂಡೇ ಹೇಳಿ, ಯಾವ್ ಕಲರ್ ಬೇಕು" ಅಂದ. ಅವತ್ತಿಂದ ಯಾರು ಕೇಳಿದ್ರೂ ನಾನು ಬನ್ನೂರಿನವಳು ಅಂತಿದ್ದೆ. ಬನ್ನೂರಲ್ಲಿ ನನ್ನ ತವರಿಲ್ಲ, ನೆಂಟರಿಲ್ಲ. ಬನ್ನೂರು ಕುರಿ ಬಿಟ್ರೆ ಆ ಊರಿನ ಬಗ್ಗೆ ನಂಗೇನೂ ಗೊತ್ತಿರ್ಲಿಲ್ಲ. ಬಾಯಿಗೆ ಬಂತು, ಹೇಳ್ದೆ, ಅಷ್ಟೇ.

ನಮ್ಮತ್ತೆ ಆ ನಾಕು ತಿಂಗಳು ಹೊಸ್ಲು ದಾಟಿರ್ಲಿಲ್ಲ. ಮನೆ ಹಿಂದಿನ ಬೀದಿ ಇಳಿದ್ರೆ ಕಪಿಲೆ, ಅಲ್ಲಿಗೂ ಬಿಡ್ತಿರ್ಲಿಲ್ಲ ನಾವು. ಒಂದಿನ ತಟ್ಟೆ ಮುಂದೆ ಸುಮ್ನೆ ಕೂತ್ಕೊಂಡ್ರು, ತುತ್ತು ಎತ್ತಲಿಲ್ಲ. "ಹುಟ್ಟಿದಾಗಿಂದ ಹೊಳೆ ದಡದಲ್ಲೇ ಇದ್ದೀನಿ. ನೀರಿನ್ ಮೇಲೆ ಒಂದ್ಸಲಾನೂ ಕೂತಿಲ್ಲ. ಹಿಂಗೇ ಸತ್ತೋಗ್ತೀನೇನೋ" ಅಂದ್ರು. ಯಜಮಾನ್ರಿಗೆ ಅಷ್ಟು ಸಾಕಾಯ್ತು. ಭಾನುವಾರ ಕಾರು ತೆಗೆದ್ರು. ಟಿ. ನರಸೀಪುರದ ಸಂಗಮದಲ್ಲಿ ತೆಪ್ಪ ಮತ್ತೆ ಶುರು ಆಗಿದೆ ಅಂತ ಯಾರೋ ಹೇಳಿದ್ರು.

ದಡದಲ್ಲಿ ನಾಕೈದು ತೆಪ್ಪ ಇತ್ತು. ಜನ ಇಲ್ಲ. ತೆಪ್ಪದಣ್ಣನ್ನ ಅಲ್ಲೇ ಮೊದಲು ನೋಡಿದ್ದು. ಐವತ್ತೈದಿರಬಹುದು. ಪಟಾಪಟಿ ಚಡ್ಡಿ, ಮೇಲೊಂದು ಮಡಚಿ ಕಟ್ಟಿದ ಪಂಚೆ, ಕುತ್ತಿಗೇಲಿ ದಾರ ಕಟ್ಕೊಂಡು ನೇತಾಕಿದ್ದ ಪೆನ್ನು. ಮಾಸ್ಕನ್ನ ಮೂಗು ಪೂರ್ತಿ ಮುಚ್ಚೋ ಹಾಗೆ ಎಳ್ದು ಹಾಕಿದ್ದ. ಬೇರೆ ತೆಪ್ಪದವರದ್ದೆಲ್ಲ ಗಡ್ಡದಲ್ಲಿತ್ತು. ನಮ್ಮ ಕೈಗೆ ಸ್ಯಾನಿಟೈಸರ್ ಸುರಿದ, ಹಣೆಗೆ ಜ್ವರದ ಗನ್ನು ಹಿಡಿದ. ನಮ್ಮೆಜಮಾನ್ರು, "ಆಸ್ಪತ್ರೇಲೂ ಇಷ್ಟು ಮಾಡಲ್ಲ ಕಣಯ್ಯ" ಅಂತ ನಕ್ರು. "ಅಲ್ಲಿ ಬಿದ್ರೆ ಡಾಕ್ಟ್ರು ಅವ್ರೆ ಸಾ. ಇಲ್ಲಿ ನಾನೊಬ್ನೇಯ" ಅಂದ.

ಎಂಟು ಜನ ಕೂರೋ ತೆಪ್ಪಕ್ಕೆ ಆಗ ನಾಕೇ ಜನ ಅಂತ ರೂಲ್ಸು. ನಮಗೇನು ಗೊತ್ತು, ತೆಪ್ಪ ಗುಂಡಗಿರುತ್ತೆ, ಸುತ್ತ ಸಮ ಭಾರ ಇಲ್ದಿದ್ರೆ ವಾಲುತ್ತೆ. ದೂರ ದೂರ ಕೂತ್ರೆ ಗರಗರ ತಿರುಗುತ್ತೆ. ಅದಕ್ಕೆ ಆಯಪ್ಪ ಖಾಲಿ ಜಾಗದಲ್ಲಿ ಮರಳು ಮೂಟೆ ಇಟ್ಟಿದ್ದ. ಇಬ್ಬಿಬ್ಬರ ಮಧ್ಯೆ ಒಂದೊಂದು ಮೂಟೆ. ನಾನು ಮೂಟೆ ನೋಡ್ತಿದ್ದಿದ್ದನ್ನ ನೋಡಿ, "ಇವ್ರು ಕೆಮ್ಮಲ್ಲ, ಸೀನಲ್ಲ, ಸೆಲ್ಪಿ ತಗೀತೀನಿ ಅಂತ ಎದ್ ನಿಂತ್ಕಳಲ್ಲ. ಇಂತಾ ಪ್ಯಾಸೆಂಜರ್ರು ಸಿಕ್ಕಲ್ಲ ಮೇಡಮ್ಮೋರೆ" ಅಂದ. ಅತ್ತೆ ನಕ್ಕರು ನೋಡಿ... ಎಷ್ಟೋ ತಿಂಗಳಾಗಿತ್ತು ಆ ನಗು ಕೇಳಿ.

ಹತ್ತೋಕೆ ಮುಂಚೆ ಒಂದು ಉದ್ದನೆ ನೋಟ್‌ಬುಕ್ ತೆಗೆದ. ಹೆಸರು, ಊರು, ಫೋನ್ ನಂಬರು. ಬೇರೆಯವರು ಯಾರೂ ಬರ್ಕೊಳ್ತಿರ್ಲಿಲ್ಲ. ಇವನೊಬ್ಬ ಬರ್ಕೊಳ್ತಿದ್ದ.

"ಯಾವೂರು ಸಾ?"

ಯಜಮಾನ್ರು ಬಾಯಿ ತೆಗಿಯೋಕೆ ಮುಂಚೆ ನಾನೇ ಅಂದೆ, "ಬನ್ನೂರು."

"ಬನ್ನೂರಲ್ಲಿ ಯಾವ್ ಕಡೆ?"

"ಸಂತೆಮಾಳದ ಹತ್ರ." ಯಾವ ಊರಲ್ಲಿ ಸಂತೆಮಾಳ ಇರಲ್ಲ ಹೇಳಿ!

ಫೋನ್ ನಂಬರ್‌ನ ಕೊನೇ ಅಂಕಿ ಬದಲಾಯಿಸಿ ಹೇಳ್ದೆ. ಯಾಕೆ? ನಾಳೆ ಯಾರಿಗೋ ಏನೋ ಆಗಿ ಇದೇ ಬುಕ್ ಹಿಡ್ಕೊಂಡು ಆಂಬುಲೆನ್ಸ್ ಮನೆ ಮುಂದೆ ಬಂದ್ರೆ? ಬಾಗಿಲಿಗೆ ಚೀಟಿ ಅಂಟಿಸಿದ್ರೆ? ಎದುರು ಮನೆ ಮುಂದೆ ಹಂಗೇ ಆಗಿತ್ತು, ಬೀದಿ ಬೀದೀನೇ ಅವರ ಜೊತೆ ಮಾತು ಬಿಟ್ಟಿತ್ತು. ಅತ್ತೆ ನನ್ನ ಮುಖಾನೇ ನೋಡ್ತಿದ್ರು. ಆಯಪ್ಪ ನಾಲಿಗೆ ಕಚ್ಕೊಂಡು ಒಂದೊಂದೇ ಅಂಕಿ ದುಂಡಗೆ ಬರ್ಕೊಂಡ. ಬರ್ಕೊಂಡಿದ್ದನ್ನ ಓದಿ ಹೇಳಿ, "ಸರಿಯಾ ಮೇಡಮ್ಮೋರೆ?" ಅಂತ ಇನ್ನೊಂದ್ಸಲ ಕೇಳಿದ. ಸರಿ ಅಂದೆ.

ತೆಪ್ಪ ಮಧ್ಯಕ್ಕೆ ಹೋಯ್ತು. ಅತ್ತೆ ಮೂಟೆ ಮೇಲೆ ಒಂದು ಕೈ ಇಟ್ಕೊಂಡು ಪುಟ್ಟ ಮಗು ಥರ ಕೂತಿದ್ರು. ಆಯಪ್ಪ ಹುಟ್ಟು ಹಾಕೋದು ನಿಲ್ಲಿಸಿ ತೋರ್ಸಿದ, "ಅವ್ವ, ಈ ಕಡೆ ಕಾವೇರಿ. ಅಗೋ ಆ ಕಡೆ, ಒಸಿ ಕೆಂಪಗದಲ್ಲ, ಅದು ಕಪಿಲೆ." ಅತ್ತೆಗೆ ತಡೀಲಿಲ್ಲ. "ಅದು ನಮ್ಮನೆ ಹಿಂದಿನ್ ನೀರಪ್ಪ!" ಅಂದ್ಬಿಟ್ರು. ಯಜಮಾನ್ರು ಗಾಬರೀಲಿ ಕೆಮ್ಮಿದ್ರು. ಆ ಕಾಲದಲ್ಲಿ ಕೆಮ್ಮಿದ್ರೆ ಗುಂಡು ಹೊಡ್ದಂಗೆ, ಎಲ್ಲರೂ ಹಿಂದಕ್ಕೆ ಸರಿದು ತೆಪ್ಪಾನೇ ವಾಲ್ತು. ನಾನು ಥಟ್ ಅಂತ, "ಅವರ ತವರು ಆ ಕಡೆ" ಅಂದೆ.

ಆಯಪ್ಪ ಅದನ್ನೂ ನಂಬಿದ. "ಅಂಗಾದ್ರೆ ತವರ್ ನೀರು. ಮುಟ್ದೆ ಓಗ್‌ಬಾರ್ದು" ಅಂತ, ಬರೋ ನೀರಿಗೆ ಎದುರಾಗಿ, ತೋಳು ಬಿಗಿ ಹಿಡಿದು, ಕಪಿಲೆ ಕಡೆಗೆ ತೆಪ್ಪ ತಿರುಗಿಸಿದ. ಅತ್ತೆ ಮಾಸ್ಕ್ ಗಡ್ಡಕ್ಕಿಳಿಸಿ ಬೊಗಸೇಲಿ ನೀರು ತಗೊಂಡು ಮುಖಕ್ಕೆ ಹಾಕ್ಕೊಂಡ್ರು. ಆ ಫೋಟೋ ನನ್ನ ಮೊಬೈಲಲ್ಲಿತ್ತು. ಅತ್ತೆ ಹಿಂದೆ ತೆಪ್ಪದ ಅಂಚಿನ ಮೇಲೆ ಬಿಳಿ ಬಣ್ಣದಲ್ಲಿ ಆಯಪ್ಪನ ನಂಬರು. ಹತ್ತಕ್ಕೆ ಹತ್ತು ಅಂಕೀನೂ ಓದೋ ಹಾಗೆ.

ಅದನ್ನ ಯಾಕೆ ಹೇಳ್ತೀನಿ ಅಂದ್ರೆ, ನಂಬರ್ ಇರ್ಲಿಲ್ಲ ಅನ್ನೋ ನೆಪ ನಂಗಿಲ್ಲ.

ಬುಧವಾರ ಅತ್ತೆಗೆ ಜ್ವರ ಬಂತು. ಟೆಸ್ಟ್ ಮಾಡ್ಸಿದ್ರೆ ಪಾಸಿಟಿವ್. ಯಾರಿಂದ ಬಂತೋ... ಯಜಮಾನ್ರು ಕೆಲಸಕ್ಕೆ ಹೋಗ್ತಿದ್ರು, ಅಲ್ಲಿಂದಾನೋ, ಏನೋ. ಆಸ್ಪತ್ರೆಯವರು ಫೋನ್ ಮಾಡಿ, "ಎಲ್ಲೆಲ್ಲಿ ಹೋಗಿದ್ರಿ, ಯಾರ್ಯಾರ ಜೊತೆ ಇದ್ರಿ?" ಅಂತ ಕೇಳಿದ್ರು. ಎಲ್ಲೂ ಹೋಗಿಲ್ಲ ಅಂದೆ. ಯಜಮಾನ್ರು ಪಕ್ಕದಲ್ಲೇ ನಿಂತು, "ತೆಪ್ಪದೋನು?" ಅಂತ ಸನ್ನೆ ಮಾಡಿದ್ರು. ಸುಮ್ನಿರಿ ಅಂತ ನಾನೂ ಸನ್ನೆ ಮಾಡ್ದೆ. ಸುಳ್ಳು ವಿಳಾಸ ಕೊಟ್ಟಿದ್ದಕ್ಕೆ ಕೇಸ್ ಹಾಕಿದ್ರೆ ಅನ್ನೋ ಭಯ. ಅದಕ್ಕಿಂತ ದೊಡ್ಡ ಭಯ, ನರಸೀಪುರಕ್ಕೂ ಇವರೇ ತಂದ್ರು ನೋಡಿ ನಂಜನಗೂಡಿನವರು, ಅಂತ ಜನ ಅನ್ನೋದು.

ವಾರ್ಡಿಂದ ಅತ್ತೆ ಫೋನ್ ಮಾಡಿ ಮೊದಲು ಕೇಳಿದ್ದೇ ಅದು. "ಆ ತೆಪ್ಪದಪ್ಪಂಗೆ ಹೇಳಿದ್ಯೇನೇ?"

"ಹೇಳ್ದೆ ಅತ್ತೆ."

ಎಷ್ಟು ಸಲೀಸಾಗಿ ಅಂದೆ ಅಂದ್ರೆ, ಫೋನಿಟ್ಟ ಮೇಲೆ ನಿಜವಾಗ್ಲೂ ಹೇಳಿದ್ದೀನಿ ಅಂತ ನಂಗೇ ಅನ್ನಿಸ್ತು.

ಅತ್ತೆ ಹನ್ನೆರಡು ದಿನಕ್ಕೆ ಮನೆಗೆ ಬಂದ್ರು. ನಾವು ದೃಷ್ಟಿ ತೆಗೆದ್ವಿ, ಪಾಯಸ ಮಾಡಿದ್ವಿ. ಎಲ್ಲಾ ಸರಿ ಹೋಯ್ತು ಅನ್ಕೊಂಡೆ.

ಆರು ತಿಂಗಳಾದ್ಮೇಲೆ ಯಾರದ್ದೋ ಕಾರ್ಯಕ್ಕೆ ಅಂತ ಸಂಗಮಕ್ಕೆ ಹೋಗಿದ್ದೆ. ಕಣ್ಣು ತಾನಾಗೇ ಹುಡುಕ್ತು. ಬೇರೆ ತೆಪ್ಪದವರನ್ನ ಕೇಳ್ದೆ, ಮರಳು ಮೂಟೆ ಇಟ್ಕೊಂಡು ಬಿಡ್ತಿದ್ರಲ್ಲ, ಅವರು? ಅವರು ಮೆಟ್ಟಿಲ ಹತ್ರ ಚುರುಮುರಿ ಮಾರ್ತಿದ್ದ ಹೆಂಗಸಿನ ಕಡೆ ಕೈ ತೋರಿಸಿದ್ರು. ಆಯಪ್ಪನ ಹೆಂಡ್ತಿ. ನಾನೊಂದು ಪೊಟ್ಟಣ ತಗೊಂಡು, ಯಾವಾಗ್ಲೋ ತೆಪ್ಪ ಹತ್ತಿದ್ದೆ ಅಂದೆ. ಯಾರಾದ್ರೂ ಕೇಳ್ಲಿ ಅಂತ ಕಾಯ್ತಿದ್ದೋಳ ಥರ ಆಯಮ್ಮ ಹೇಳೋಕೆ ಶುರು ಮಾಡಿದ್ರು.

"ಜ್ವರ ಬಂದೇಟ್ಗೆ ಟೆಸ್ಟ್ ಕೊಟ್ಬುಟ್ಟು ಬಂದ್ರು ಕಣಮ್ಮ. ಬಂದವ್ರೇ ಬುಕ್ ಇಡ್ಕಂಡು ಕುಂತ್ರು. ಒಬ್ಬೊಬ್ರಿಗೂ ಪೋನ್ ಮಾಡಿ, ನಂಗೆ ಜ್ವರ ಬಂದದೆ, ನೀವು ಒಸಿ ನೋಡ್ಕಳಿ ಅಂದ್ರು. ಒಂದ್ ನಂಬರು ಮಾತ್ರ ಇನ್ಯಾರ್ಗೋ ಓಯ್ತದೆ. ಮೂರ್ ಸಲ ಮಾಡಿ ಬೈಸ್ಕಂಡ್ರು. ಅದ್ರಲ್ಲಿ ವಯಸ್ಸಾದ ಅವ್ವ ಒಬ್ರಿದ್ರಂತೆ. ನಾನೇ ತಪ್ಪು ಬರ್ಕಂಡ್ನಲ್ಲ, ನನ್ನಿಂದ ಆ ಅವ್ವಂಗೆ ಏನಾದ್ರೂ ಆದ್ರೆ, ಅಂತ ಒಂದೇ ಸಮ..."

ಈರುಳ್ಳಿ ಹೆಚ್ಚೋದು ನಿಲ್ಲಿಸಿರ್ಲಿಲ್ಲ ಆಯಮ್ಮ.

"ಮಾರ್ನೇ ದಿನ ಎದೆ ಇಡ್ಕಂಡದೆ ಅಂದ್ರು. ಆಸ್ಪತ್ರೆಗೆ ನಡೀರಿ ಅಂತ ನಾನು. ಆ ಅವ್ವಂಗೆ ಏಳ್ಬುಟ್ಟು ಬತ್ತೀನಿ ಅಂತ ಟಿವಿಎಸ್ ಅತ್ಕಂಡು ಬನ್ನೂರ್ಗೆ ಓದ್ರು. ಸಂತೆಮಾಳದ ಸುತ್ತ ಬೀದಿ ಬೀದೀಲೂ ದೂರ ನಿಂತ್ಕಂಡು ಕೂಗಿ ಕೂಗಿ ಕೇಳವ್ರೆ. ಅಂತೋರ್ಯಾರೂ ಇಲ್ಲ ಅಂದ್ರಂತೆ. ಬೈಗಾಯ್ತು ಬರೋ ಒತ್ಗೆ. ಆಮೇಲೆ ಆಸ್ಪತ್ರೆಗೆ ಓದ್ರು... ಬರ್ಲಿಲ್ಲ."

ಆಯಪ್ಪ ತನ್ನಿಂದ ನಮಗೆ ಬಂದಿರಬಹುದು ಅಂತ ಹುಡುಕಿದ್ದು ಕಣ್ರೀ. ನಮ್ಮತ್ತೆಗೆ ಮೊದಲು ಜ್ವರ ಬಂದಿದ್ದು. ಯಾರಿಂದ ಯಾರಿಗೆ ಅನ್ನೋದು ದೇವರಿಗೇ ಗೊತ್ತು. ಆದ್ರೆ ಆಯಪ್ಪ ಆಸ್ಪತ್ರೆಗೆ ಹೋಗ್ಬೇಕಿದ್ದ ಆ ಒಂದು ದಿನ ನಮ್ಮಿಂದ ಹೋಯ್ತು, ಅದು ನಂಗೊತ್ತು.

"ನಿಮ್ದ್ಯಾವೂರಮ್ಮ?" ಅಂದ್ರು ಆಯಮ್ಮ.

"ನಂಜನಗೂಡು" ಅಂದೆ.

"ಓ... ಆ ಕಡೆಯೋರಾ" ಅಂತ ಇನ್ನೊಬ್ಬರಿಗೆ ಚುರುಮುರಿ ಕಲಸೋಕೆ ತಿರುಗಿದ್ರು. ಅಷ್ಟು ತಿಂಗಳಲ್ಲಿ ಅದೊಂದ್ಸಲ ನಿಜವಾದ ಊರು ಹೇಳಿ ತಪ್ಪಿಸ್ಕೊಂಡೆ. ಕಾರಲ್ಲಿ ಬಂದು ಫೋಟೋ ಡಿಲೀಟ್ ಮಾಡ್ದೆ. ಯಜಮಾನ್ರಿಗೂ ಹೇಳ್ಲಿಲ್ಲ.

ಹೋದ ವಾರ, ಟಾರು ಹಾಕಿದ ದಿನ, ಅತ್ತೆ ಮುಂದೆ ಎಲ್ಲಾ ಹೇಳ್ಬಿಟ್ಟೆ. ನಿಂತ್ಕೊಂಡೇ ಹೇಳ್ದೆ. ಅವರು ಬೈತಾರೆ ಅನ್ಕೊಂಡಿದ್ದೆ, ಅಳ್ತಾರೆ ಅನ್ಕೊಂಡಿದ್ದೆ. ಎರಡೂ ಮಾಡ್ಲಿಲ್ಲ. "ನಾವೆಲ್ಲಿದ್ದೀವಿ ಅಂತ ಅವನಿಗೆ ಗೊತ್ತಿರ್ಲಿಲ್ಲ, ಹುಡುಕ್ಕೊಂಡು ಹೋದ. ಅವನೆಲ್ಲಿದ್ದಾನೆ ಅಂತ ನಿಂಗೆ ಗೊತ್ತಿತ್ತು..." ಅಂದ್ರು. ಆಮೇಲೆ, "ನಾಳೆ ಗಾಡಿ ತೆಗೀಬೇಕು ಅಂತ ನನ್ನ ಮಗನಿಗೆ ಹೇಳು."

ಹೋದ್ವಿ. ಆಯಮ್ಮ ಅಲ್ಲೇ ಇದ್ರು, ಅದೇ ಮೆಟ್ಟಿಲ ಹತ್ರ. ಕೂದಲು ಬೆಳ್ಳಗಾಗಿದೆ. ನಾನು ಮುಂದೆ ಹೋಗಿ, ಬನ್ನೂರು ಅಂತ ಸುಳ್ಳು ಬರೆಸಿದ್ದು ನಾನೇ, ನಂಬರು ತಪ್ಪು ಕೊಟ್ಟಿದ್ದೂ ನಾನೇ, ಅವರು ಬರ್ಕೊಂಡಿದ್ದರಲ್ಲಿ ತಪ್ಪಿರ್ಲಿಲ್ಲ ಅಂದೆ. ಮನೇಲಿ ಎಷ್ಟೋ ಉದ್ದ ಕಲ್ತು ಹೋಗಿದ್ದೆ. ಬಾಯಿಗೆ ಬಂದಿದ್ದು ಅಷ್ಟೇ.

ಆಯಮ್ಮ ನನ್ನ ನೋಡ್ಲೇ ಇಲ್ಲ. ನನ್ನ ಹಿಂದೆ ಮಗನ ತೋಳು ಹಿಡ್ಕೊಂಡು ನಿಂತಿದ್ದ ಅತ್ತೇನ ನೋಡ್ತಿದ್ರು. "ಇವ್ರೇಯಾ ಆ ಅವ್ವ?" ಅಂದ್ರು.

ಹೂಂ ಅಂದೆ.

"ಬದ್ಕವ್ರಲ್ಲ." ಕೇಳಿದ್ದೋ, ತಮಗೆ ತಾವೇ ಹೇಳ್ಕೊಂಡಿದ್ದೋ ಗೊತ್ತಾಗ್ಲಿಲ್ಲ. "ಉಸಾರಾಗವ್ರೆ ಅಂತ ಅವತ್ತು ಒಂದ್ ಪೋನ್ ಬಂದಿದ್ರೆ, ಅವ್ರು ಬನ್ನೂರ್ಗೆ ಓಯ್ತಿರ್ಲಿಲ್ಲ."

ನಾನು ಕಾಲಿಗೆ ಬೀಳೋಕೆ ಬಗ್ಗಿದೆ. ಆಯಮ್ಮ ಕಾಲು ಹಿಂದಕ್ಕೆ ಎಳ್ಕೊಂಡ್ರು. "ಅದೆಲ್ಲ ಬ್ಯಾಡ. ನೀವೋಗಿ ಗಾಡೀಲಿ ಕುಂತ್ಕಳಿ" ಅಂದ್ರು. ಕೂಗಾಡ್ಲಿಲ್ಲ. ಗಿರಾಕಿಗೆ ಚಿಲ್ಲರೆ ಇಲ್ಲ ಅನ್ನೋ ಹಾಗೆ ಅಂದ್ರು. ಅತ್ತೆಗೆ ಮಾತ್ರ ತಾವು ಕೂತಿದ್ದ ಸ್ಟೂಲನ್ನ ಎಳ್ದು ಕೊಟ್ರು, ತಾವು ಮೆಟ್ಟಿಲ ಮೇಲೆ ಕೂತ್ರು.

ಯಜಮಾನ್ರೂ ನಾನೂ ಕಾರಲ್ಲಿ ಕೂತಿದ್ವಿ. ಗಾಜಿನಾಚೆ ಅವರಿಬ್ಬರ ಬೆನ್ನು. ಆಯಮ್ಮ ಕೈಯಾಡಿಸ್ಕೊಂಡು ಏನೋ ಹೇಳ್ತಿದ್ರು, ಒಂದೆರಡು ಸಲ ನೀರಿನ ಕಡೆ ತೋರಿಸಿದ್ರು. ಅತ್ತೆ ತಲೆ ಆಡಿಸ್ತಿದ್ರು. ನಡುವೆ ಗಿರಾಕಿ ಬಂದ್ರೆ ಆಯಮ್ಮ ಎದ್ದು ಕೊಟ್ಟು ಮತ್ತೆ ಬಂದು ಕೂರ್ತಿದ್ರು. ಒಂದು ಗಂಟೆ ಮೇಲಾಯ್ತು. ಆಮೇಲೆ ಆಯಮ್ಮನೇ ಅತ್ತೆ ಕೈ ಹಿಡ್ಕೊಂಡು ಕಾರಿನ ತನಕ ಬಂದು, ಬಾಗಿಲು ತೆಗೆದು ಕೂರಿಸಿ, ಸೆರಗು ಸಿಕ್ಕಾಕೊಳ್ದಂಗೆ ಒಳಗೆ ತಳ್ಳಿ, ಬಾಗಿಲು ಹಾಕಿ ಹೋದ್ರು. ಮುಂದಿನ ಸೀಟಲ್ಲಿ ನಾನಿದ್ದೆ.

ಇವತ್ತಿಗೆ ಐದು ದಿನ. ಬೀದೀಲಿ ಟಾರು ಒಣಗಿದೆ, ಕಿಟಕಿ ತೆಗೆದೇ ಇದೆ. ಅತ್ತೆ ಊಟ ಮಾಡ್ತಾರೆ, ಮಾತ್ರೆ ತಗೋತಾರೆ, ಕನ್ನಡಕ ಹುಡುಕ್ತಾರೆ. ತೆಪ್ಪದ ಮಾತು ಎತ್ತಲ್ಲ. ನಿನ್ನೆ ಅವರ ತಲೆ ಬಾಚ್ತಾ ನಾನೇ ತಡೀಲಾರ್ದೆ ಕೇಳ್ದೆ, "ಅತ್ತೆ, ಆಯಮ್ಮ ಏನಂದ್ರು?"

ಅತ್ತೆ ತಿರುಗ್ಲಿಲ್ಲ.

"ನಿಂಗಲ್ಲ ಹೇಳಿದ್ದು ಕಣೇ" ಅಂದ್ರು.