ದೊಡ್ಡಮ್ಮನಿಗೆ ಅಂಟಿಸಿದ ಮೊಲೆ

ನಾನು ಮರದಲ್ಲಿ ಮನುಷ್ಯರನ್ನು ಕೆತ್ತುವವಳು. ದೇವರನ್ನು ಕೆತ್ತುವುದಿಲ್ಲ. ಇಷ್ಟು ಹೇಳಿದರೂ ನಮ್ಮ ಕಡೆಯವರು ತಲೆಯಾಡಿಸಿ, “ಅಂಗಾದ್ರೆ ಇದ್ಯಾವ ದ್ಯಾವ್ರು?” ಎಂದು ಮತ್ತೆ ಕೇಳುತ್ತಾರೆ. ಕೇಳಲಿ, ಅದಕ್ಕೆಲ್ಲ ಸಿಟ್ಟು ಮಾಡಿಕೊಳ್ಳುವವಳಲ್ಲ ನಾನು. ಆದರೆ ಮಧುಗಿರಿಯಲ್ಲಿ ನನ್ನ ಶಿಲ್ಪಕ್ಕೆ ಮಾಡಿದ್ದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ನಮ್ಮ ದೊಡ್ಡಮ್ಮ ಬಡವನಹಳ್ಳಿಯ ಸಂತೆಯಲ್ಲಿ ಸೊಪ್ಪು ಮಾರುವವಳು. ಬಾಯಿಗೆ ಬೀಗವಿಲ್ಲ. ಕ್ಯಾನ್ಸರ್ ಎಂದು ಅವಳ ಎಡ ಮೊಲೆಯನ್ನು ತೆಗೆದಿದ್ದರು. ಅಂದಿನಿಂದ ನೆಂಟರ ಹೆಂಗಸರು ಅವಳ ಮುಖವೊಂದನ್ನು ಬಿಟ್ಟು ಎಲ್ಲೆಲ್ಲೋ ನೋಡುತ್ತಾ ಮಾತಾಡುತ್ತಿದ್ದರು. ರವಿಕೆಯೊಳಗೆ ಬಟ್ಟೆಯುಂಡೆ ಇಟ್ಟುಕೋ ಎಂದು ಸ್ವಂತ ಸೊಸೆಯೇ ಹೇಳಿದ್ದಳು. ಒಂದು ದಿನ ಕೊರಟಗೆರೆಯ ನನ್ನ ಶೆಡ್ಡಿಗೆ ಬಂದವಳು, ಹಲಸಿನ ದಿಮ್ಮಿಯ ಪಕ್ಕ ಕೂತು ರವಿಕೆ ಬಿಚ್ಚಿದಳು.

“ಇದ್ದಂಗೇ ಕೆತ್ತು. ಕದ್ದು ನೋಡೋರೆಲ್ಲ ಒಂದ್ಸತಿ ನೆಟ್ಟಗೆ ನೋಡ್ಲಿ,” ಎಂದಳು.

ಕೆತ್ತಿದೆ. ಬಲಗಡೆ ಇಳಿಬಿದ್ದ ಮೊಲೆ, ಎಡಗಡೆ ಚಪ್ಪಟೆ, ಅದರ ಮೇಲೆ ಓರೆಯಾಗಿ ಹೊಲಿಗೆಯ ಗೆರೆ. ಆ ಗೆರೆಗೆ ಹಿಡಿದಷ್ಟು ಹೊತ್ತು ಮುಖಕ್ಕೂ ಹಿಡಿಯಲಿಲ್ಲ. ಗೂಡ್ಸ್ ಆಟೋದಲ್ಲಿ ಹುಲ್ಲು ಹಾಸಿ, ಮಧುಗಿರಿಯ ಪ್ರದರ್ಶನಕ್ಕೆ ಕಳಿಸಿಕೊಟ್ಟೆ.

ಉದ್ಘಾಟನೆಯ ದಿನ ದೊಡ್ಡಮ್ಮನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದರೆ, ಶಿಲ್ಪಕ್ಕೆ ಎರಡು ಮೊಲೆ. ಎಡಗಡೆಗೆ ತೇಗದ ತುಂಡೊಂದನ್ನು ದುಂಡಗೆ ಮಾಡಿ, ಅಂಟು ಹಚ್ಚಿ ಕೂರಿಸಿ, ಮೇಲೆ ಪಾಲಿಶ್ ಬೇರೆ ಹೊಡೆದಿದ್ದರು. ಅರವತ್ತು ದಾಟಿದ ಮೈಮೇಲೆ ಹದಿನಾರರ ಹುಡುಗಿಯ ಮೊಲೆ. ಇವರ ಕೈ ಸೇದಿಹೋಗ.

ಪ್ರದರ್ಶನ ಏರ್ಪಡಿಸಿದ್ದ ಯಜಮಾನರು ನಗುತ್ತಾ ಬಂದರು.

“ಆಟೋದಾಗೆ ಬರೋವಾಗ ಮುರ್ದೋಗಿತ್ತು ಕಣಮ್ಮ. ಬೊಂಬೆ ಆದ್ರೂ ಭಿನ್ನ ಭಿನ್ನಾನೇ. ಭಿನ್ನ ಆಗಿರೋದ್ನ ಹೆಂಗೆ ನಿಲ್ಸೋದು, ಊರಿಗೆ ಒಳ್ಳೇದಾ? ಬಾಗ್ಲು ಕೆತ್ತೋ ಆಚಾರೀನ ಕರ್ಸಿ ಸರಿ ಮಾಡಿಸ್ಬುಟ್ಟೆ.”

ಭಿನ್ನವಂತೆ! ಕೈ ಮುರಿದ ವಿಗ್ರಹವನ್ನು ಕೆರೆಗೆ ಬಿಡುವ ಜನ ನಾವು, ಅದು ನನಗೂ ಗೊತ್ತು. ಆದರೆ ಆ ಹೊಲಿಗೆಯ ಗೆರೆ ಇವರ ಕಣ್ಣಿಗೆ ಬೀಳಲಿಲ್ಲವೇ? ಆಟೋದಲ್ಲಿ ಮುರಿದ ಮರ ದಾರಿಯಲ್ಲೇ ಹೊಲಿಗೆ ಹಾಕಿಸಿಕೊಂಡು ಬರುತ್ತದೆಯೇ? ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಉಪಕಾರ ಮಾಡಿದರೂ ಜಗಳಕ್ಕೆ ಬರುತ್ತಾಳಲ್ಲ ಎಂಬಂತೆ ಅವರು ನನ್ನನ್ನು ನೋಡಿದರು.

“ಈಗ ಲಕ್ಷಣವಾಗೈತಲ್ಲಮ್ಮ. ಟೇಪ್ ಕತ್ತರಿಸೋರು ಬಂದ್ಬುಟ್ರು. ಇವತ್ತೊಂದಿನ ಇರ್ಲಿ ಬುಡಿ,” ಎಂದರು.

ಅಷ್ಟರಲ್ಲಿ ದೊಡ್ಡಮ್ಮ ಶಿಲ್ಪದ ಮುಂದೆ ಹೋಗಿ ನಿಂತಿದ್ದಳು. ಪಾಲಿಶ್ ಹೊಡೆದ ಮರವನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಯಜಮಾನರ ಕಡೆ ತಿರುಗಿಯೂ ನೋಡದೆ ನನ್ನನ್ನು ಕೇಳಿದಳು.

“ಉಳಿ ತಂದಿದ್ದೀಯೇನಮ್ಮಿ?”

“ಬ್ಯಾಗಲ್ಲೈತೆ.”

“ತೆಗ್ದುಬುಡು. ಈ ಸತಿ ನೋಯಾಕಿಲ್ಲ.”

ಉದ್ಘಾಟನೆಗೆ ಬಂದವರು ಕತ್ತರಿ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಅಂಟಿನ ಸಂದಿಗೆ ಉಳಿ ಇಟ್ಟು ಕೊಡತಿ ಎತ್ತಿದೆ. ಪೆಟ್ಟು ಬಿದ್ದಾಗ ದೊಡ್ಡಮ್ಮ ತನ್ನ ಎಡ ಎದೆಯನ್ನು ಅಂಗೈಯಿಂದ ಒತ್ತಿ ಹಿಡಿದುಕೊಂಡಳು.