ಬೆನ್ನಿಗೆ ನಿಂತವರಲ್ಲ, ಮುಂದೆ ಹೋದವರು

ನಮ್ಮ ಯಜಮಾನರು ಬೈರಣ್ಣನವರು ತೀರಿಕೊಂಡಾಗ ಕಾರ್ಖಾನೆಯಲ್ಲಿ ಸಭೆ ಮಾಡಿದರು. ಕಾರ್ಖಾನೆಯ ಸೈಕಲ್ ಟೀಮಿಗೆ ಹಿಂದೆ ಕ್ಯಾಪ್ಟನ್ ಆಗಿದ್ದ ಬದರೀನಾಥ ಸಾಹೇಬರು ಮೈಕ್ ಹಿಡಿದು, "ಬೈರಣ್ಣ ಸದಾ ನನ್ನ ಬೆನ್ನಿಗೆ ನಿಂತಿದ್ದ" ಅಂದರು. ಎಲ್ಲರೂ ತಲೆದೂಗಿದರು. ನನಗೆ ಮೈಯೆಲ್ಲ ಉರಿಯಿತು.

ಬೇರೆ ಕಡೆ ಸಹಾಯ ಮಾಡುವವನು ಬೆನ್ನಿಗೆ ನಿಲ್ಲುತ್ತಾನೆ, ನಿಜ. ಸೈಕಲ್ ರೇಸಿನಲ್ಲಿ ಹಾಗಲ್ಲ. ಅಲ್ಲಿ ಸಹಾಯ ಮಾಡುವವನು ಮುಂದೆ ಹೋಗಿ ಎದುರುಗಾಳಿಯನ್ನೆಲ್ಲ ಎದೆಗೆ ತಗೋತಾನೆ. ಗೆಲ್ಲುವವನು ಅವನ ಬೆನ್ನ ಮರೆಯಲ್ಲಿ ಸುಖವಾಗಿ ಬರ್ತಾನೆ. ಹಿಂದೆ ಇದ್ದವರು ಬದರೀನಾಥರು. ಮುಂದೆ ಇದ್ದವರು ಇವರು.

ಇವರು ಅಟ್ಟೂರಿನವರು. ಸೈಕಲ್ಲಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ದಿನಾ ಯಶವಂತಪುರಕ್ಕೆ ಹೋಗ್ತಿದ್ದರು. ಎಪ್ಪತ್ತೊಂದನೇ ಇಸವಿ ಆಷಾಢದಲ್ಲಿ, ಅಭ್ಯಾಸಕ್ಕೆ ಬಂದ ಕಾರ್ಖಾನೆ ಟೀಮಿನವರು ಗಾಳಿಗೆ ಸೋತು ಇವರ ಹಿಂದೆ ಬಂದು ಸೇರಿಕೊಂಡರಂತೆ. ಅಗಲವಾದ ಬೆನ್ನು, ಎರಡು ಕಡೆ ಕ್ಯಾನು, ಗೋಡೆ ಇದ್ದ ಹಾಗೆ. ಕ್ಯಾಪ್ಟನ್ ಬದರೀನಾಥರು, "ಗುರು, ಹಾಲು ಬಿಡು, ನಮ್ಮ ಟೀಮಿಗೆ ಬಾ" ಅಂತ ಕರೆದು, ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ ಶಾಪಿನಲ್ಲಿ ಕೆಲಸ ಕೊಡಿಸಿದರು. ಅದನ್ನು ಇಲ್ಲ ಅನ್ನಲ್ಲ.

ಆಮೇಲೆ ಪ್ರತಿ ರೇಸಿನಲ್ಲೂ ಒಂದೇ ಕಥೆ. ರೇಸು ಮುಗಿಯೋ ಗೆರೆ ಕಾಣುವವರೆಗೂ ಇವರು ಗಾಳಿ ಒಡೀಬೇಕು, ಗೆರೆ ಕಂಡ ಕೂಡಲೆ ಪಕ್ಕಕ್ಕೆ ಸರೀಬೇಕು, ಬದರೀನಾಥರು ಹಿಂದಿನಿಂದ ನೆಗೆದು ಗೆಲ್ಲಬೇಕು. ಹಾರ ಹಾಕಿಕೊಂಡವರೇ, "ಮುಂದಿನ ಸಲ ನಿನ್ನ ಸರದಿ ಬೈರಣ್ಣ" ಅನ್ನೋರು. ದೆವ್ವಕ್ಕೆ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೀತಾರಲ್ಲ, ಆ ಥರ. ಇವರ ಮಂಡಿ ಸವೆದುಹೋಯಿತು, ಸರದಿ ಬರಲಿಲ್ಲ.

ಬದರೀನಾಥರು ಕ್ರೀಡಾ ಅಧಿಕಾರಿಯಾದರು. ಎಂಬತ್ತೆರಡರಲ್ಲಿ ಇವರನ್ನು ಟೀಮಿನ ಮ್ಯಾನೇಜರ್ ಮಾಡಿದರು. ಜೀಪಿನಲ್ಲಿ ಹಿಂದೆ ಬರೋದು, ಪಂಕ್ಚರ್ ಆದರೆ ಚಕ್ರ ಕೊಡೋದು, ಯಾರು ಮುಂದೆ ಯಾರು ಹಿಂದೆ ಅಂತ ಹೇಳೋದು ಇವರ ಕೆಲಸ. ಆದರೆ ಬದರೀನಾಥರ ಅಕ್ಕನ ಮಗ ತ್ರಿವಿಕ್ರಮನೇ ಕ್ಯಾಪ್ಟನ್. ಅವನಿಗೆ ಗಾಳಿ ಒಡೆಯೋಕೆ ಗೊರಗುಂಟೆಪಾಳ್ಯದ ರಹಮತುಲ್ಲಾ. ಎಂಬತ್ನಾಲ್ಕರ ತುಮಕೂರು ರಸ್ತೆ ರೇಸಿನಲ್ಲಿ ಮೊದಲು ಬಂದವನಿಗೆ ರಾಜ್ಯದ ತಂಡದಲ್ಲಿ ಜಾಗ ಅಂತ ಹೇಳಿದ್ದರು. ಅದು ತಪ್ಪಿದರೆ ರಹಮತುಲ್ಲಾನದೂ ಇವರದೇ ಪಾಡು.

ಡಾಬಸ್‌ಪೇಟೆಯಲ್ಲಿ ವಾಪಸ್ ಬೆಂಗಳೂರಿನ ಕಡೆ ತಿರುಗಿಕೊಂಡ ಮೇಲೆ ಎದುರುಗಾಳಿ ಶುರುವಾಯಿತಂತೆ. ಇವರು ಜೀಪಿನಿಂದ ತಲೆ ಹೊರಗೆ ಹಾಕಿ ಕೂಗಿದರಂತೆ:

"ತ್ರಿವಿಕ್ರಮ, ಮುಂದಕ್ಕೋಗು. ರಹಮತ್ತು, ನೀನು ಅವನ ಹಿಂದಕ್ಕೆ ಬಾ."

"ಏನಣ್ಣಾ ತಮಾಷೆ? ಕ್ಯಾಪ್ಟನ್ ನಾನು!"

"ಮ್ಯಾನೇಜರ್ ನಾನು ಕಣೋ. ಗಾಳಿ ನಿನ್ನ ಮೂತಿಗೂ ಒಸಿ ಬಡೀಲಿ, ಸವೆದೋಗಲ್ಲ."

ರಹಮತುಲ್ಲಾನೇ ನನಗೆ ಇದನ್ನು ಹೇಳಿದ್ದು. ತ್ರಿವಿಕ್ರಮ ಬೈದುಕೊಂಡೇ ಮುಂದೆ ಹೋದ. ನೆಲಮಂಗಲ ದಾಟುವಷ್ಟರಲ್ಲಿ ನಾಲಿಗೆ ಹೊರಗೆ ಬಂದಿತ್ತಂತೆ. ಗೊರಗುಂಟೆಪಾಳ್ಯದ ಗೆರೆ ಹತ್ತಿರ ನಾನೇ ನಿಂತಿದ್ದೆ. ರಹಮತುಲ್ಲಾ ಒಬ್ಬನೇ ಬಂದ. ಹಿಂದೆ ಬೇರೆ ಕಾರ್ಖಾನೆಯ ಇಬ್ಬರು, ಅವರ ಹಿಂದೆ ತ್ರಿವಿಕ್ರಮ.

ಬದರೀನಾಥರು ಅಲ್ಲೇ, ನನ್ನ ಮುಂದೆಯೇ ಇವರನ್ನು ತಡೆದರು. "ಯಾರನ್ನ ಕೇಳಿ ಹಿಂಗ್ಮಾಡ್ದೆ?"

"ನೀವೇ ಯೇಳಿದ್ರಲ್ಲ ಸಾ, ಮುಂದಿನ ಸಲ ನಿನ್ನ ಸರದಿ ಅಂತ. ನನ್ ಸರದೀನ ರಹಮತ್ತುಗೆ ಕೊಟ್ಬಿಟ್ಟೆ."

ಅಷ್ಟಕ್ಕೇ ಮ್ಯಾನೇಜರ್ ಕೆಲಸ ಹೋಯಿತು. ವಾಪಸ್ ಪ್ರೆಸ್ ಶಾಪಿಗೆ ಹಾಕಿದರು. ಹೊಸ ಮ್ಯಾನೇಜರ್ ತ್ರಿವಿಕ್ರಮ! ರಹಮತುಲ್ಲಾ ಮನೆಗೆ ಬಂದು, ನಾನೂ ಟೀಮು ಬಿಡ್ತೀನಿ ಅಂತ ಅತ್ತ. "ಬಿಟ್ಟೀಯ, ಕಾಲು ಮುರೀತೀನಿ. ರಾಜ್ಯದ ತಂಡಕ್ಕೋಗಿ ತುಳಿ, ಓಗು" ಅಂತ ಗದರಿಸಿ ಇವರೇ ಕಳಿಸಿದರು. ಹೋದ, ಚೆನ್ನಾಗಿ ತುಳಿದ.

"ಒಬ್ಬನ್ಗಾದ್ರೂ ಸರದಿ ಬಂತಲ್ಲ, ಬಿಡೇ" ಅಂತ ಇವರು ನಗುತ್ತಿದ್ದರು. ನಾನು ಬಿಡಲ್ಲ. ಸೋತ ಮ್ಯಾನೇಜರನ್ನು ತೆಗೆದರೆ ಅದೊಂದು ನ್ಯಾಯ. ಇವರ ಟೀಮು ಗೆದ್ದಿತ್ತು. ಗೆದ್ದ ಕಪ್ ಕಾರ್ಖಾನೆಗೇ ಹೋಗಿತ್ತು. ಗೆಲ್ಲಿಸಿದ್ದಕ್ಕೆ ತೆಗೆದರು.