ಆಗಿ ಬಂದ ಕಲ್ಲು

ಕಾಕಿಯ ಎಡಮೂಗಿನ ತೂತಿನಲ್ಲಿ ಯಾವಾಗಲೂ ಬೇವಿನ ಕಡ್ಡಿಯ ಒಂದು ಚೂರು ಇರುತ್ತಿತ್ತು. ಮೂಗುಬಟ್ಟು ತೆಗೆದಾಗ ತೂತು ಮುಚ್ಚಿಹೋಗದಿರಲಿ ಎಂದು ಹೆಣ್ಣುಮಕ್ಕಳು ಹಾಗೆ ಸಿಕ್ಕಿಸಿಕೊಳ್ಳುವುದುಂಟು. ಆದರೆ ಅದು ನಾಲ್ಕು ದಿನದ ಮಾತು. ಕಾಕಿ ಗಂಡ ತೀರಿಕೊಂಡಾಗಿನಿಂದ ವರ್ಷಗಟ್ಟಲೆ, ಕಡ್ಡಿ ಒಣಗಿ ಕಪ್ಪಾದಂತೆಲ್ಲ, ಹಿತ್ತಲಿನ ಮರದಿಂದ ಹೊಸದು ಮುರಿದು ಇಟ್ಟುಕೊಳ್ಳುತ್ತಿದ್ದಳು.

ಇದನ್ನು ಬರೆಯಬೇಕೆಂದುಕೊಂಡು ಬಹಳ ಕಾಲವಾಯಿತು. ಹೆಂಡತಿ ಇರುವಷ್ಟು ದಿನ, ಅವಳು ಓದಿಬಿಟ್ಟರೆ ಎಂದು ಮುಂದೆ ಹಾಕಿದೆ. ಅವಳು ಹೋದ ಮೇಲೆ, ಇನ್ನು ಓದುವವರಾರು ಎಂದು ಮುಂದೆ ಹಾಕಿದೆ. ಈಗ ನೆಪಗಳೂ ಮುಗಿದಿವೆ.

ಚಿತ್ತಾಪುರದಲ್ಲಿ ನಮ್ಮ ಹಿತ್ತಲಿಗೂ ಕಾಕಿಯ ಹಿತ್ತಲಿಗೂ ನಡುವೆ ಎದೆಮಟ್ಟದ ಕಲ್ಲಿನ ಗೋಡೆ. ಅವಳು ನಮ್ಮ ರಕ್ತಸಂಬಂಧಿಯಲ್ಲ, ಓಣಿಯ ಹುಡುಗರಿಗೆಲ್ಲ ಕಾಕಿ. ಗಂಡ ನೆಲಕ್ಕೆ ಹಾಸುವ ಶಹಾಬಾದಿನ ಫರ್ಸಿ ಕಲ್ಲಿನ ವ್ಯಾಪಾರ ಮಾಡುತ್ತಿದ್ದನಂತೆ. ಒಂದು ವರ್ಷ ವ್ಯಾಪಾರ ಕುದುರಿದಾಗ ಹೈದರಾಬಾದಿನಿಂದ ಹೆಂಡತಿಗೆ ವಜ್ರದ ಮೂಗುಬಟ್ಟು ತಂದ. ಆ ವರ್ಷವೇ ವಾಂತಿಭೇದಿಯಲ್ಲಿ ಸತ್ತ. ವಜ್ರ ಎಲ್ಲರಿಗೂ ಆಗಿ ಬರುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ಕೊಳ್ಳುವ ಮೊದಲು ಮೂರು ರಾತ್ರಿ ಮನೆಯಲ್ಲಿಟ್ಟು ನೋಡಬೇಕು. ಕೆಟ್ಟ ಕನಸು ಬಿದ್ದರೆ, ಮನೆಯಲ್ಲಿ ಯಾರಿಗಾದರೂ ಏನಾದರೂ ಆದರೆ ಬಿಡಬೇಕು. ಅವನು ಹಾಗೆ ನೋಡದೆ ತಂದ, ಕಲ್ಲು ಅವನನ್ನು ತಿಂದಿತು ಎಂದು ಅವನ ಅಣ್ಣತಮ್ಮಂದಿರು ಅಂದರು. ಊರೂ ಅಂದಿತು.

ಕಾಕಿ ಒಪ್ಪಲಿಲ್ಲ. "ಆ ವರ್ಷ ಓಣಿ ತುಂಬ ಹೆಣ ಬಿದ್ದಿದ್ವು. ಎಲ್ಲಾರ ಮನ್ಯಾಗೂ ವಜ್ರ ಇತ್ತೇನು?" ಎಂದು ಕೇಳುತ್ತಿದ್ದಳು. ಆಮೇಲೆ ಬೆರಳಿನಿಂದ ಬೇವಿನ ಕಡ್ಡಿಯನ್ನು ಮುಟ್ಟಿ, "ಅದು ಕೆಟ್ಟ ಕಲ್ಲಲ್ಲೊ ತಮ್ಮಾ. ಅದಕ್ಕ ಜಾಗಾ ಹಿಡಿದಿಟ್ಟೀನಿ" ಎನ್ನುತ್ತಿದ್ದಳು.

ಕಾಕಿ ಕೌದಿ ಹೊಲಿಯುತ್ತಿದ್ದಳು. ಹಳೆಯ ಸೀರೆ ಕೊಟ್ಟರೆ ಸಾಕು, ಮದುಮಗಳಿಗೆಂದು ನಾಲ್ಕೂ ಮೂಲೆಗೆ ಬಣ್ಣದ ತ್ರಿಕೋನ ಹಚ್ಚಿ ಹೊಲಿದುಕೊಡುವಳು. ಸೇಡಂ, ಕುರಕುಂಟಾ, ಚಿಂಚೋಳಿಯವರೆಗೂ ಅವಳ ಕೌದಿಗಳು ಲಗ್ನಕ್ಕೆ ಹೋಗುತ್ತಿದ್ದವು. ಅವಳನ್ನು ಮಾತ್ರ ಯಾರೂ ಕರೆಯುತ್ತಿರಲಿಲ್ಲ. "ನನ್ನ ಹೊಲಿಗಿ ಎಲ್ಲಾ ಊರ ಉಂಡು ಬಂದದ. ನಾನೇ ಉಪಾಸ" ಎಂದು ನಗುವಳು. ಸಂಜೆ ಕಟ್ಟೆಯ ಮೇಲೆ ಕೂತು ಸ್ಟೇಶನ್ನಿನ ಕಡೆ ಕಿವಿ ಇಟ್ಟಿರುವಳು. ಗಾಡಿಯ ಸದ್ದು ಕೇಳಿದರೆ ಇದು ಎಲ್ಲಿಗೆ ಹೋಗುವುದು, ಯಾರು ಯಾರು ಇಳಿದರು ಎಂದು ನನ್ನನ್ನು ಕೇಳುವಳು. ಗಂಡ ಹೋದ ಮೇಲೆ ಅವಳು ರೈಲು ಹತ್ತಿರಲಿಲ್ಲ.

ನಿಜಾಮರ ಆಳ್ವಿಕೆ ಹೋಗಿ ನಾಲ್ಕೈದು ವರ್ಷವಾಗಿತ್ತು. ನಾನು ಉರ್ದುವಿನಲ್ಲಿ ಮೆಟ್ರಿಕ್ ಮುಗಿಸಿ ವಾಡಿ ಸ್ಟೇಶನ್ನಿನ ಮಾಲು ಗೋದಾಮಿನಲ್ಲಿ ಗುಮಾಸ್ತನಾಗಿದ್ದೆ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಶಹಾಬಾದಿನ ಒಂದು ಹೆಣ್ಣು ನೋಡಿ ಬಂದೆವು. ಚಹಾದ ತಾಟು ಇಡುವಾಗ ಅವಳು ಒಮ್ಮೆ ತಲೆ ಎತ್ತಿ ನೋಡಿದಳು, ಅಷ್ಟೇ. ಅವಳನ್ನು ಬಿಟ್ಟು ಬೇರೆ ಹೆಣ್ಣು ಬೇಡವೆಂದು ನನಗಾಯಿತು. ಆದರೆ ಅವಳ ಅಪ್ಪ ನನ್ನ ಅವ್ವನಿಗೆ ಹೇಳಿದ: "ನಮ್ಮ ದೊಡ್ಡಾಕಿಗಿ ಅವರ ಅತ್ತಿ ಮನ್ಯಾಗ ವಜ್ರದ ಉಂಗುರ ಇಟ್ಟಾರ್ರಿ. ಸಣ್ಣಾಕಿಗಿ ಬರೇ ಬಂಗಾರದ್ದು ಇಟ್ರ, ನಾಳಿ ಅಕ್ಕತಂಗ್ಯಾರು ಒಂದ್ಕಡಿ ಹ್ಯಾಂಗ ಕುಂಡ್ರಬೇಕು, ನೀವೇ ಹೇಳ್ರಿ."

ಕೂಡಿಟ್ಟದ್ದನ್ನು ಕಟ್ಟಿಕೊಂಡು ಗುಲ್ಬರ್ಗದ ಸರಾಫನ ಅಂಗಡಿಗೆ ಹೋದೆ. ಅವನು ಕರಿ ಮಖಮಲ್ಲಿನ ಮೇಲೆ ಎರಡು ಕಲ್ಲು ಇಟ್ಟ. ಒಂದು ದೊಡ್ಡದು, ಆದರೆ ಅರಿಸಿನದ ನೀರಿನಂತೆ ಹಳದಿ, ಒಳಗೊಂದು ಕರಿಚುಕ್ಕೆ.

"ದೂರದಿಂದ ನೋಡಿದ್ರ ಚುಕ್ಕಿ ಕಾಣಂಗಿಲ್ರಿ" ಎಂದ.

"ಇಟ್ಕೊಳ್ಳಾಕಿ ದೂರ ಕುಂಡ್ರಂಗಿಲ್ಲಲ್ರಿ" ಎಂದೆ.

ಇನ್ನೊಂದು ಬೆಳ್ಳಗಿತ್ತು, ಸಾಸಿವೆಯಷ್ಟಿತ್ತು. ಅದನ್ನೇ ಆರಿಸಿ, ಬೆಲೆಯನ್ನೂ ಒಪ್ಪಿ, ಗಂಟು ಬಿಚ್ಚಿದೆ. ಸರಾಫ ನನ್ನ ನಾಣ್ಯಗಳನ್ನು ನೋಡಿ ನಕ್ಕ. ಆಗ ನಮ್ಮಲ್ಲಿ ನಿಜಾಮರ ಹಾಲಿ ರೂಪಾಯಿ, ಹಿಂದುಸ್ತಾನದ ಕಲ್ದಾರ್ ರೂಪಾಯಿ ಎರಡೂ ನಡೆಯುತ್ತಿದ್ದವು. ಕಲ್ದಾರಿಗೆ ಬೆಲೆ ಹೆಚ್ಚು. "ನಾ ಹೇಳಿದ್ದು ಕಲ್ದಾರದಾಗ. ನೀವು ಹಾಲಿ ತಂದೀರಿ" ಎಂದ. ಸಾಸಿವೆಯಷ್ಟು ಕಲ್ಲೂ ನನಗೆ ಎಟುಕಲಿಲ್ಲ.

ಮರುದಿನ ಗೋಡೆಗೆ ಒರಗಿ ಇದನ್ನು ಹೇಳಿದಾಗ ಕಾಕಿ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. "ಮೆಟ್ರಿಕ್ ಓದೀದಿ ಖೋಡಿ, ಯಾವ ರೂಪಾಯಿ ಅಂತ ಕೇಳ್ಲಿಕ್ಕ ಬರ್ಲಿಲ್ಲ?" ಆಮೇಲೆ ಒಳಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಬಂದಾಗ ಅಂಗೈಯಲ್ಲಿ ಅರಿಸಿನದ ಬಟ್ಟೆಯ ಗಂಟು ಇತ್ತು. ಬಿಚ್ಚಿ, ಮೂಗುಬಟ್ಟನ್ನು ಬಿಸಿಲಿಗೆ ಹಿಡಿದು ಆ ಕಡೆ ಈ ಕಡೆ ತಿರುವಿದಳು. ಗೋಡೆಯ ಮೇಲೆ ಬೆಳಕಿನ ಹುಳಗಳು ಓಡಿದವು.

"ತಗೊ. ನನ್ನ ಮೂಗಿಂದು ನಿನ್ನ ಹೇಂತಿ ಬೆರಳಿಗಿ ಹೋಗ್ಲಿ. ಕತ್ತಲ್ದಾಗ ಕುಂತು ಕುಂತು ಅದಕ್ಕೂ ಬ್ಯಾಸರ ಆಗ್ಯಾದ."

"ಬ್ಯಾಡ ಕಾಕಿ."

"ಸುಮ್ಕ ಕೇಳು. ಮೂರು ರಾತ್ರಿ ದಿಂಬಿನ ಬುಡಕ ಇಟ್ಕೊ. ಆಗಿ ಬಂದ್ರ ನಿಂದು. ಆಗಿ ಬರ್ಲಿಲ್ಲಂದ್ರ ನನಗ ತಿರುಗಿ ತರಬ್ಯಾಡ, ಆ ಸರಾಫಗ ಕೊಟ್ಟು ಬದಲಿ ಕಲ್ಲು ತಗೊ. ರೊಕ್ಕದ ಮಾತು ಎತ್ತಿದಿ ಅಂದ್ರ ಕಸಬರಿಗಿ ತಗೋತೀನಿ." ಮೂಗುಬಟ್ಟನ್ನು ನನ್ನ ಅಂಗೈಗೆ ಒತ್ತಿ ಹೇಳಿದಳು: "ಒಂದೇ ಮಾತು. ಉಂಗುರ ಇಡೋ ದಿನ ನನ್ನೂ ಕರಕೊಂಡು ಹೋಗು. ಹಿಂದ ನಿಂತು ನೋಡ್ತೀನಿ. ಅದು ಕೆಟ್ಟದ್ದಲ್ಲಂತ ಕಣ್ಣಿಂದ ನೋಡಬೇಕಾಗ್ಯಾದ."

"ನಿನ್ನ ಬಿಟ್ಟು ಹೋಗ್ತೀನೇನು?" ಎಂದೆ. ಆ ಹೊತ್ತಿನಲ್ಲಿ ಅದು ನಿಜವಾಗಿಯೂ ನನ್ನ ಮನಸ್ಸಿನ ಮಾತಾಗಿತ್ತು.

ದಿನವೂ ಬೆಳಿಗ್ಗೆ ಗೋಡೆಯ ಆಚೆಯಿಂದ ಕೇಳುವಳು: "ಏನಾರ ಕೆಟ್ಟ ಕನಸು ಬಿತ್ತೇನೊ?"

"ನೀನೇ ಕನಸಿನಾಗ ಬಂದಿದ್ದಿ ಕಾಕಿ."

"ಹಂಗಾರ ಕೆಟ್ಟದ್ದೇ ಬಿತ್ತಲ್ಲೋ!"

ಕೆಟ್ಟದ್ದೇನೂ ಆಗಲಿಲ್ಲ. ಮೂರನೆಯ ದಿನ ಗೋದಾಮಿಗೆ ಹೋದರೆ ನನ್ನ ಕೆಲಸ ಕಾಯಂ ಆದ ಹುಕುಂ ಬಂದಿತ್ತು. ಸಂಜೆ ಓಡಿ ಬಂದು ಹೇಳಿದಾಗ ಕಾಕಿ ಕೊರಳಿನ ಲಿಂಗದ ಕರಡಿಗೆಯನ್ನು ಕಣ್ಣಿಗೆ ಒತ್ತಿಕೊಂಡು ನಿಂತಳು. ಪತ್ತಾರ ಕಲ್ಲು ಬಿಡಿಸಿ ಉಂಗುರಕ್ಕೆ ಕೂರಿಸಿದ. ಕಾಕಿ ಪೆಟ್ಟಿಗೆಯಿಂದ ಹಸಿರು ಸೀರೆ ತೆಗೆದು ಬಿಸಿಲಿಗೆ ಹಾಕಿದಳು.

ನಿಶ್ಚಯಕ್ಕೆ ಎರಡು ದಿನ ಇರುವಾಗ ಅವ್ವ ನನ್ನನ್ನು ಒಳಗೆ ಕರೆದಳು. "ಗಂಡ ಸತ್ತಾಕಿ ಮೂಗಿನ ಕಲ್ಲಂತ ಬೀಗರಿಗಿ ಗೊತ್ತಾದ್ರ ತಾಟಿನಾಗಿನ ಉಂಗುರ ತಾಟಿನಾಗೇ ಉಳಿತಾದ. ಆಕಿ ಬಾಯಿ ನಿನಗ ಗೊತ್ತಿಲ್ಲೇನು? ಗಾಡಿ ವಾಡಿ ಮುಟ್ಟೋದ್ರಾಗ ಡಬ್ಬಿ ಮಂದಿಗೆಲ್ಲಾ ಹೇಳಿರ್ತಾಳ." ನನಗೂ ಅದೇ ಭಯ. ಕಾಕಿ ಹೇಳದೆ ಇರುವವಳಲ್ಲ, ಕಲ್ಲು ಕೆಟ್ಟದ್ದಲ್ಲವೆಂದು ಕಾಣಲೆಂದೇ ಅವಳು ಬರುತ್ತಿದ್ದುದು. ಬರಬೇಡ ಎಂದರೂ ಊರಲ್ಲಿ ಹೇಳಿಕೊಂಡು ತಿರುಗುವಳು. ಹೇಳಲು ಅವಳಿಗೆ ಏನೂ ಇಲ್ಲದಂತೆ ಮಾಡಬೇಕಿತ್ತು. ಆ ದಾರಿಯನ್ನು ಅವಳೇ ನನಗೆ ತೋರಿಸಿಕೊಟ್ಟಿದ್ದಳು.

ಗೋಡೆಯ ಹತ್ತಿರ ಹೋದೆ. ಅವಳು ಕೌದಿ ಹೊಲಿಯುತ್ತಿದ್ದಳು.

"ಕಾಕಿ, ಕಲ್ಲು ಆಗಿ ಬರ್ಲಿಲ್ಲ. ಉಂಗುರ ಮನಿಗಿ ಬಂದಾಗಿಂದ ಅವ್ವಗ ಕೆಟ್ಟ ಕನಸು ಬೀಳ್ಲಿಕತ್ಯಾವ. ನಿನ್ನಿ ಬಾವಿ ಕಟ್ಟಿ ಮ್ಯಾಲ ಜಾರಿ ಬಿದ್ಳು. ಸರಾಫಗ ಕೊಟ್ಟು ಬದಲಿ ಕಲ್ಲು ತಂದೀನಿ."

ಸೂಜಿ ನಿಂತಿತು. ಅವಳು ನನ್ನ ಮುಖ ನೋಡಲಿಲ್ಲ. ಸಿಟ್ಟಾಗಿದ್ದರೆ, ಬೈದಿದ್ದರೆ, ನಾನು ಅಲ್ಲೇ ನಿಜ ಹೇಳಿಬಿಡುತ್ತಿದ್ದೆನೇನೋ.

"ಅವ್ವಗ ಭಾಳ ಪೆಟ್ಟು ಹತ್ತಿಲ್ಲಲ್ಲ?" ಎಂದಳು.

"ಇಲ್ಲ."

"ಹಂಗಾರ ಮಂದಿ ಅಂದದ್ದೇ ಖರೆ." ಸೂಜಿಯನ್ನು ಕೌದಿಗೆ ಚುಚ್ಚಿಟ್ಟು, "ನಾನೇ ಹಟ ಮಾಡಿ ತರಿಸ್ಕೊಂಡಿದ್ದೆ ಅವರ ಕಡಿಂದ" ಎಂದಳು. ಅವರು ಎಂದರೆ ಗಂಡ. ಹಟ ಮಾಡಿ ತರಿಸಿಕೊಂಡದ್ದೆಂದು ಅವಳು ಮೊದಲು ಯಾರಿಗೂ ಹೇಳಿರಲಿಲ್ಲ.

ಮರುದಿನ ಅವಳ ಮೂಗಿನಲ್ಲಿ ಕಡ್ಡಿ ಇರಲಿಲ್ಲ.

ಶಹಾಬಾದಿನಲ್ಲಿ ನಿಶ್ಚಯ ಚೆನ್ನಾಗಿ ಆಯಿತು. ಹೆಣ್ಣಿನ ಅಪ್ಪ ಉಂಗುರವನ್ನು ಕಣ್ಣಿನ ಹತ್ತಿರ ಹಿಡಿದು, "ಕಲ್ಲು ಛಲೋ ಅದ. ಎಲ್ಲಿಂದ್ರಿ?" ಎಂದ. "ಹೈದರಾಬಾದಿಂದು" ಎಂದೆ. ಅದು ಸುಳ್ಳಲ್ಲ. ಎಲ್ಲರೂ ಸಕ್ಕರೆ ಬಾಯಿಗೆ ಹಾಕಿಕೊಳ್ಳುವಾಗ ನಾನು ಹಿಂದೆ ತಿರುಗಿ ನೋಡಿದೆ. ಬಾಗಿಲ ಹತ್ತಿರ, ಅವಳು ನಿಲ್ಲಬಹುದಾಗಿದ್ದ ಜಾಗದಲ್ಲಿ, ಚಪ್ಪಲಿಗಳು ಮಾತ್ರ ಇದ್ದವು.

ಲಗ್ನಕ್ಕೆ ಕಾಕಿಯ ಕೌದಿ ಬಂತು. ಮದುವೆಯಾದ ಮೇಲೆ ಹೆಂಡತಿಯನ್ನು ಹಿತ್ತಲಿಗೆ ಹೋಗದಂತೆ ಏನೇನೋ ಹೇಳಿ ತಡೆದೆ. ಎಷ್ಟು ದಿನ ತಡೆಯಲು ಸಾಧ್ಯ? ಒಂದು ಮುಂಜಾನೆ ನಾನು ವಾಡಿಗೆ ಹೊರಟು ನಿಂತಿದ್ದೆ. ಹೊರಗೆ ಬಂದರೆ ಹೆಂಡತಿ ಗೋಡೆಯ ಮೇಲೆ ಕೈ ಚಾಚಿದ್ದಾಳೆ, ಕಾಕಿ ಆ ಕೈ ಹಿಡಿದಿದ್ದಾಳೆ. ಬೆರಳನ್ನು ಬಿಸಿಲಿಗೆ ಹಿಡಿದು ಆ ಕಡೆ ಈ ಕಡೆ ತಿರುವಿದಳು. ಗೋಡೆಯ ಮೇಲೆ ಬೆಳಕಿನ ಹುಳಗಳು ಓಡಿದವು. ಕಾಕಿ ಅವುಗಳನ್ನೇ ನೋಡುತ್ತ ನಿಂತಳು.

"ಆಗಿ ಬಂದದೇನವ್ವಾ ನಿನಗ?"

"ಹೂಂ ಕಾಕಿ. ಭಾಳ ಆಗಿ ಬಂದದ" ಎಂದಳು ನನ್ನ ಹೆಂಡತಿ, ನಾಚಿಕೊಂಡು.

ಕಾಕಿಯ ಬೆರಳು ತಾನಾಗಿ ಮೂಗಿನ ಕಡೆಗೆ ಹೋಯಿತು. ಅಲ್ಲಿ ಕಡ್ಡಿ ಇರಲಿಲ್ಲ, ತೂತೂ ಮುಚ್ಚಿ ಚರ್ಮ ಕೂಡಿತ್ತು. "ಸಾಕವ್ವಾ, ಅಷ್ಟಾದ್ರ ಸಾಕು" ಎಂದು ಕೈ ಬಿಟ್ಟಳು. ನನ್ನ ಕಡೆ ಒಮ್ಮೆ ನೋಡಿದಳು. ಅವಳಿಗೆ ಗೊತ್ತಾಗಿತ್ತು. ನಾನು ಗಾಡಿಗೆ ಹೊತ್ತಾಯಿತೆಂದು ಹೊರಟುಬಿಟ್ಟೆ.

ಅವಳು ಆ ಮಾತನ್ನು ನನ್ನ ಹತ್ತಿರವಾಗಲಿ ಊರಿನಲ್ಲಾಗಲಿ ಎಂದೂ ಎತ್ತಲಿಲ್ಲ. ಗೋಡೆಯ ಹತ್ತಿರ ಬರುವುದನ್ನು ಮಾತ್ರ ಬಿಟ್ಟಳು. ನನಗೆ ದೂರದ ಸ್ಟೇಶನ್ನಿಗೆ ವರ್ಗವಾಯಿತು. ರಜೆಗೆ ಬಂದಾಗಲೆಲ್ಲ ಈ ಸಲ ಹೇಳುತ್ತೇನೆ ಎಂದುಕೊಂಡು ಬರುತ್ತಿದ್ದೆ. ಒಂದು ಸಲ ಬಂದಾಗ ಅವಳ ಮನೆಗೆ ಬೀಗವಿತ್ತು. ಮಣ್ಣು ಮಾಡಿ ಆಗಲೇ ತಿಂಗಳ ಮೇಲಾಗಿತ್ತು. ಹಿತ್ತಲಿನ ಬೇವು ಚಿಗುರಿತ್ತು.

ಹೋದ ವಾರ ಮೊಮ್ಮಗಳು ಅಜ್ಜಿಯ ಪೆಟ್ಟಿಗೆಯಿಂದ ಉಂಗುರ ತೆಗೆದು ತನ್ನ ಬೆರಳಿಗೆ ಹಾಕಿಕೊಂಡಳು. ಅವಳಿಗೀಗ ಗಂಡು ನೋಡುತ್ತಿದ್ದಾರೆ. "ಯಾರದಿತ್ತು ಅಜ್ಜಾ ಇದು, ಮೊದಲ?" ಎಂದು ಕೇಳಿದಳು. ಕಾಕಿಯ ಹೆಸರು ನಾಲಿಗೆಯ ತುದಿಯವರೆಗೆ ಬಂತು.

"ಹೈದರಾಬಾದಿಂದು" ಎಂದೆ.

ಇಲ್ಲಾದರೂ ಬರೆಯೋಣವೆಂದು ಕುಳಿತೆ. ಎಲ್ಲವನ್ನೂ ಬರೆದೆ. ಆ ಹೆಸರನ್ನು ಬರೆಯಲು ಕೈ ಏಳಲಿಲ್ಲ.